ಪರಿಣಾಮ: ಊರಿಗೊಂದು ಅರ್ಥ, ಮನೆಗೊಂದು ಮಾತು

ಇವತ್ತು ನಾನು ತಗೊಂಡಿರೋ ಪದ ‘ಪರಿಣಾಮ’. ಪುಣೆ, ಚೆನ್ನೈ, ದೆಹಲಿ, ನೀವು ಎಲ್ಲೇ ಇದ್ದರೂ ಇದು ಕಿವಿಗೆ ಬಿದ್ದಿರುತ್ತೆ. ಆದರೆ ಊರು ಬದಲಾದರೆ ಅರ್ಥವೂ ಬದಲಾಗುತ್ತೆ. ಅದನ್ನು ಮೊದಲು ನೋಡೋಣ. ಆಮೇಲೆ ಮನೆಯಲ್ಲಿ ಇದೇ ವಿಷಯವನ್ನು ಹೇಗೆ ಹೇಳ್ತೀವಿ ಅನ್ನೋದಕ್ಕೆ ಬರ್ತೀನಿ, ಯಾಕಂದ್ರೆ ಮುಖ್ಯವಾದದ್ದು ಅದೇ.

ಸಂಸ್ಕೃತದಲ್ಲಿ ಪರಿಣಾಮ ಅಂದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಮಾರ್ಪಡೋದು, ಮಾಗೋದು. ಸಾಂಖ್ಯ ದರ್ಶನದಲ್ಲಿ ಇದಕ್ಕೆ ಹಾಲು ಮೊಸರಾಗುವ ಉದಾಹರಣೆ ಕೊಡ್ತಾರೆ. ನಾವು ಬಳಸುವ ‘ಪರಿಣತ’ ಕೂಡ ಇದೇ ಬೇರಿನದು: ಅನುಭವದಿಂದ ಮಾಗಿದವರು.

ಈಗ ಊರುಗಳಿಗೆ ಬನ್ನಿ. ದೆಹಲಿಯಲ್ಲಿ ಹಿಂದಿಯವರು ‘ಪರೀಕ್ಷಾ ಪರಿಣಾಮ್’ ಅಂತಾರೆ. ನಮಗೆ ಅದು ಫಲಿತಾಂಶ. ಅಲ್ಲಿ ಬೆಳೆದ ಮಗು ಊರಿನ ಅಜ್ಜಿಗೆ ಫೋನ್ ಮಾಡಿ “ನನ್ನ ಪರಿಣಾಮ ಬಂತು” ಅಂದರೆ ಅಜ್ಜಿ ಗಾಬರಿ ಆಗೋದು ಸಹಜ! ಮುಂಬೈ, ಪುಣೆಯ ಮರಾಠಿ ನಮಗೆ ಹತ್ತಿರ. ಅಲ್ಲೂ ಪರಿಣಾಮ ಅಂದರೆ ಪರಿಣಾಮವೇ, ಪರೀಕ್ಷೆಯದು ‘ನಿಕಾಲ್’. ಹೈದರಾಬಾದಿನಲ್ಲಿ ‘ಜೀವಪರಿಣಾಮಂ’ ಅಂದರೆ ನಾವು ಜೀವವಿಕಾಸ ಅನ್ನೋದು. ಚೆನ್ನೈಯಲ್ಲೂ ‘ಪರಿಣಾಮ’ಕ್ಕೆ ವಿಕಾಸದ ಅರ್ಥವೇ. ನಮ್ಮ ಪರಿಣಾಮಕ್ಕೆ ತಮಿಳರು ‘ವಿಳೈವು’ ಅಂತಾರೆ. ಅದು ನಮ್ಮ ‘ಬೆಳೆ’ಯ ನೆಂಟ. “ಬಿತ್ತಿದಂತೆ ಬೆಳೆ” ಅನ್ನೋ ಗಾದೆ ನೆನಪಾಯ್ತಲ್ವಾ?

ಕನ್ನಡದೊಳಗೂ ಈ ಪದಕ್ಕೆ ಅಕ್ಕಪಕ್ಕದವರು ಬಹಳ. ಒಂದರ ಜಾಗದಲ್ಲಿ ಇನ್ನೊಂದು ಕೂರೋದಿಲ್ಲ. ಪರೀಕ್ಷೆ, ಚುನಾವಣೆಗೆ ಫಲಿತಾಂಶ. ದುಡಿಮೆಗೆ ಪ್ರತಿಫಲ. ಪೂಜೆ, ಪುಣ್ಯಕ್ಕೆ ಫಲ. ಒಬ್ಬರಿಂದ ಇನ್ನೊಬ್ಬರ ಮೇಲಾಗುವುದು ಪ್ರಭಾವ. ಕೆಟ್ಟದ್ದಾದರೆ ದುಷ್ಪರಿಣಾಮ, ಔಷಧಿಯದಾದರೆ ಅಡ್ಡಪರಿಣಾಮ. ಪತ್ರಿಕೆಗಳಲ್ಲಂತೂ “ಬಸ್ ಪಲ್ಟಿಯಾದ ಪರಿಣಾಮ ಮೂವರಿಗೆ ಗಾಯ” ಅಂತ ಇದು ‘ಆದ್ದರಿಂದ’ ಅನ್ನೋದರ ಕೆಲಸವನ್ನೂ ಮಾಡುತ್ತೆ.

ಮಾತಿನಲ್ಲಿ ಈ ಪದ ಬಂದರೆ ಮಾತ್ರ ಸ್ವಲ್ಪ ಹುಷಾರು. “ಪರಿಣಾಮ ನೆಟ್ಟಗಿರಲ್ಲ” ಅನ್ನೋದು ಜಗಳದ ಮಾತು. ಆಫೀಸಿನ ಇಂಗ್ಲಿಷ್ ಮೇಲ್ ಓದಿ ಅಭ್ಯಾಸವಾದ ನಾವು ತಮ್ಮನಿಗೋ ಬಾಡಿಗೆದಾರರಿಗೋ “ಇದರ ಪರಿಣಾಮ ಎದುರಿಸಬೇಕಾಗುತ್ತೆ” ಅಂತ ಬರೆದರೆ, ಬುದ್ಧಿಮಾತು ಬೆದರಿಕೆ ಆಗುತ್ತೆ. “ಹೀಗೆ ಬಿಟ್ಟರೆ ಮುಂದೆ ತೊಂದರೆ ಆಗುತ್ತೆ” ಅಂದರೆ ವಿಷಯವೂ ತಲುಪುತ್ತೆ, ಸಂಬಂಧವೂ ಉಳಿಯುತ್ತೆ.

ಮನೆಮಾತಿನ ಗುಟ್ಟು ಇಲ್ಲೇ ಇದೆ. ಮನೆಯಲ್ಲಿ ನಾವು ಪರಿಣಾಮವನ್ನು ನಾಮಪದದಲ್ಲಿ ಹೇಳೋದು ಕಡಿಮೆ, ಕ್ರಿಯಾಪದದಲ್ಲಿ ಹೇಳೋದೇ ಹೆಚ್ಚು. ಆಯ್ತು, ಹಿಡೀತು, ತಟ್ಟಿತು, ನಾಟಿತು. ಬೈದದ್ದು ಮನಸ್ಸಿಗೆ ನಾಟುತ್ತೆ, ಶಾಪ ತಟ್ಟುತ್ತೆ, ಊರಿನ ನೀರು ಹಿಡಿಸುತ್ತೆ ಅಥವಾ ಹಿಡಿಸಲ್ಲ. ಕರ್ಮಫಲದಂಥ ದೊಡ್ಡ ವಿಷಯವನ್ನೂ ಜನ “ಮಾಡಿದ್ದುಣ್ಣೋ ಮಹಾರಾಯ” ಅಂತ ಊಟದ ಮಾತಿನಲ್ಲೇ ಮುಗಿಸಿಬಿಟ್ಟರು. ಎಂ. ಎಸ್. ಪುಟ್ಟಣ್ಣನವರು 1915ರ ತಮ್ಮ ಕಾದಂಬರಿಗೆ ಆ ಗಾದೆಯನ್ನೇ ಹೆಸರಾಗಿಟ್ಟರು.

ಇದು ಬರೀ ಭಾಷೆಯ ಸೊಗಸಿನ ಮಾತಲ್ಲ. ದೂರದ ಊರಲ್ಲಿದ್ದು ಫೋನಿನಲ್ಲೇ ಅಪ್ಪ ಅಮ್ಮನ ಆರೋಗ್ಯ ನೋಡಿಕೊಳ್ಳೋರಿಗೆ ಇದು ತುಂಬ ಬೇಕು. ನಮ್ಮಮ್ಮನ ಬಿಪಿ ಮಾತ್ರೆ ಬದಲಾದಾಗ ಅಣ್ಣ ಕೇಳಿದ, “ಅಡ್ಡಪರಿಣಾಮ ಏನಾದ್ರೂ ಇದೆಯಾ?” “ಏನಿಲ್ಲಪ್ಪ, ಚೆನ್ನಾಗಿದೀನಿ” ಅಂದರು. ಮಾರನೇ ದಿನ ಅತ್ತಿಗೆ ಕೇಳಿದ್ದು, “ಹೊಸ ಮಾತ್ರೆ ಹಿಡಿಸ್ತಾ ಅತ್ತೆ?” “ಎಲ್ಲಿ ಹಿಡಿಸ್ತಮ್ಮ, ಸಂಜೆ ಹೊತ್ತಿಗೆ ಪಾದ ಊದಿರುತ್ತೆ, ಚಪ್ಪಲಿ ಹಾಕೋಕಾಗಲ್ಲ.” ಕೆಲವು ಬಿಪಿ ಮಾತ್ರೆಗಳಿಂದ ಪಾದ ಊದಿಕೊಳ್ಳೋದುಂಟು. ಡಾಕ್ಟರಿಗೆ ತಿಳಿಸಿದಾಗ ಬೇರೆ ಮಾತ್ರೆ ಬರೆದುಕೊಟ್ಟರು.

ಅಮ್ಮ ಮುಚ್ಚಿಟ್ಟಿರಲಿಲ್ಲ. ‘ಅಡ್ಡಪರಿಣಾಮ’ ಅವರ ಪಾಲಿಗೆ ಪತ್ರಿಕೆಯ ಪದ, ತಮ್ಮ ಕಾಲಿಗೂ ಅದಕ್ಕೂ ಸಂಬಂಧ ಇದೆ ಅಂತ ಅವರಿಗೆ ಅನ್ನಿಸಲೇ ಇಲ್ಲ.

ಹಾಗಾಗಿ ಬರೆಯುವಾಗ ಪರಿಣಾಮ, ದುಷ್ಪರಿಣಾಮ ಎಲ್ಲವೂ ಇರಲಿ. ಊರಿಗೆ ಫೋನ್ ಮಾಡಿದಾಗ ಮಾತ್ರ “ಹಿಡಿಸ್ತಾ? ಏನಾಯ್ತು? ಈಗ ಹೇಗಿದೆ?” ಅಂತ ಕೇಳಿ. ಮುಂದಿನ ವಾರ ಇನ್ನೊಂದು ಪದದ ಜೊತೆ ಸಿಗ್ತೀನಿ.