ಹಾಲಿನ ಗಾಡಿಯ ವೈಪರ್: ಮಿರಗಕ್ಕೆ ಮೊದಲು ಮಾಡಬೇಕಾದ ಆರೈಕೆ



ಮೇವು, ಲಸಿಕೆ, ಕೆಚ್ಚಲು ಬಾವುಗಳ ಬಗ್ಗೆ ಬರೆಯುವ ಪಶುವೈದ್ಯ ಈ ಸಲ ಗಾಡಿಯ ವೈಪರ್ ಬಗ್ಗೆ ಏಕೆ ಬರೆಯುತ್ತಿದ್ದಾನೆ ಎಂದು ನಿಮಗೆ ಅನಿಸಬಹುದು. ಇದಕ್ಕೆ ಕಾರಣವಿದೆ. ಹಿಂಡಿದ ಹಾಲು ಎಷ್ಟು ಬೇಗ 4 ಡಿಗ್ರಿಗೆ ತಂಪಾಗುತ್ತದೆಯೋ ಅಷ್ಟು ಒಳ್ಳೆಯದು. ಸಂಘದಿಂದ ಅದನ್ನು ಶೀತಲೀಕರಣ ಕೇಂದ್ರಕ್ಕೆ ಮುಟ್ಟಿಸುವವನು ಗಾಡಿಯ ಚಾಲಕ. ಮಳೆಗಾಲದ ನಸುಕಿನಲ್ಲಿ ಅವನ ಕಣ್ಣಿಗೆ ಆಸರೆಯಾಗಿರುವುದು ಎರಡು ರಬ್ಬರ್ ಪಟ್ಟಿಗಳು ಮಾತ್ರ. ನಮ್ಮ ಸದಸ್ಯರಲ್ಲಿ ಹಲವರು ಈಗ ಸ್ವಂತ ಟಾಟಾ ಏಸ್, ಬೊಲೆರೊ ಪಿಕಪ್, ಕಾರು ಇಟ್ಟುಕೊಂಡಿದ್ದಾರೆ. ಆದ್ದರಿಂದ ಈ ವಿಷಯ ಎಲ್ಲರಿಗೂ ಉಪಯೋಗವಾದೀತು.

ನನ್ನ ಒಂದು ಅನುಭವ

ಸುಮಾರು ಹದಿನಾಲ್ಕು ವರ್ಷಗಳ ಹಿಂದೆ ಆರಿದ್ರಾ ಮಳೆಯ ದಿನ. ಸಂಜೆ ಏಳರ ಸುಮಾರಿಗೆ ಕಲಘಟಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಫೋನ್ ಬಂತು. ಚೊಚ್ಚಲ ಆಕಳು, ಕರುವಿನ ಮುಂಗಾಲು ಮಡಚಿ ಸಿಕ್ಕಿಕೊಂಡಿದೆ ಎಂದರು. ಜೀಪು ಹತ್ತಿ ಹೊರಟೆ. ಅದೇ ವಾರ ವೈಪರಿಗೆ ಹೊಸ ಬ್ಲೇಡ್ ಹಾಕಿಸಿದ್ದೆ. ಗಾಜು ಹೊಳೆಯಲಿ ಎಂದು ಡೀಸೆಲ್ ಬಟ್ಟೆಯಿಂದ ಒರೆಸಿಯೂ ಇದ್ದೆ.

ಹುಬ್ಬಳ್ಳಿ ದಾಟಿದ ಮೇಲೆ ಜಿಟಿಜಿಟಿ ಹನಿ ಶುರುವಾಯಿತು. ವೈಪರ್ ಹಾಕಿದೆ. ಗಾಜಿನ ತುಂಬ ಮಜ್ಜಿಗೆ ಬಳಿದಂತೆ ಬಿಳಿ ಪೊರೆ ಎದ್ದಿತು. ಎದುರಿನಿಂದ ಬಂದ ಲಾರಿಯ ಬೆಳಕು ಆ ಪೊರೆಯ ಮೇಲೆಲ್ಲ ಹರಡಿ ಏನೂ ಕಾಣದಾಯಿತು. ಲಾರಿ ದಾಟಿದಾಗ ಕಂಡದ್ದು, ಊರಿಗೆ ಮರಳುತ್ತಿದ್ದ ದೀಪವಿಲ್ಲದ ಒಂದು ಚಕ್ಕಡಿ. ಜೀಪು ನಿಂತಾಗ ಚಕ್ಕಡಿಗೂ ಬಂಪರಿಗೂ ನಡುವೆ ಒಂದು ಮೊಳ ಅಂತರ. ಚಕ್ಕಡಿ ಹೊಡೆಯುತ್ತಿದ್ದ ಹಿರಿಯರು ಇಳಿದು ಬಂದು ಗಾಜು ನೋಡಿದರು. "ಸಾಹೇಬ್ರ, ನನ್ನ ಕಣ್ಣಾಗಿನ ಪೊರಿಗಿಂತ ನಿಮ್ಮ ಗಾಜಿಂದ ದಪ್ಪ ಐತ್ರಿ" ಎಂದರು.

ಅಲ್ಲಿಂದ ಮುಂದೆ ಎತ್ತಿನ ನಡಿಗೆಯಲ್ಲಿಯೇ ಹೋದೆ. ಆಕಳು ಉಳಿಯಿತು, ಕರು ಉಳಿಯಲಿಲ್ಲ. ಬೇಗ ಹೋಗಿದ್ದರೆ ಉಳಿಯುತ್ತಿತ್ತು ಎಂದು ಹೇಳಲಾರೆ. ಆದರೆ ದಾರಿಯಲ್ಲಿ ಕಳೆದ ಆ ಮುಕ್ಕಾಲು ತಾಸು ನನ್ನದೇ ತಪ್ಪು. ಬ್ಲೇಡ್ ಹೊಸದಿತ್ತು, ರೋಗ ಗಾಜಿನ ಮೇಲಿತ್ತು. ರೋಗ ತಿಳಿಯದೆ ಔಷಧಿ ಕೊಟ್ಟಂತೆ ಆಗಿತ್ತು ನನ್ನ ಕೆಲಸ.

ವೈಪರ್ ಕೆಲಸ ಮಾಡುವ ಬಗೆ

ಅಮೆರಿಕದ ಅಲಬಾಮಾ ರಾಜ್ಯದ ಮೇರಿ ಆಂಡರ್ಸನ್ ಎಂಬ ಮಹಿಳೆ 1903ರಲ್ಲಿ ಗಾಜು ಒರೆಸುವ ಸಾಧನಕ್ಕೆ ಪೇಟೆಂಟ್ ಪಡೆದರು. ಒಳಗಿನಿಂದ ಹಿಡಿಕೆ ತಿರುಗಿಸಿದರೆ ಹೊರಗೆ ರಬ್ಬರ್ ಹಚ್ಚಿದ ತೋಳು ಗಾಜಿನ ಮೇಲೆ ಆಡುತ್ತಿತ್ತು. ಇಂದು ಕೈಯ ಬದಲು ಮೋಟಾರ್ ಬಂದಿದೆ. ತೋಳು, ಸ್ಪ್ರಿಂಗ್, ರಬ್ಬರ್ ಇವೇ ಮುಖ್ಯ ಭಾಗಗಳಾಗಿ ಉಳಿದಿವೆ.

ಸ್ಪ್ರಿಂಗ್ ಬ್ಲೇಡನ್ನು ಗಾಜಿಗೆ ಒತ್ತಿ ಹಿಡಿಯುತ್ತದೆ. ರಬ್ಬರಿನ ತೆಳು ಅಂಚು ಹೋಗುವಾಗ ಒಂದು ಕಡೆಗೆ, ಬರುವಾಗ ಇನ್ನೊಂದು ಕಡೆಗೆ ಮಗುಚಿಕೊಂಡು ನೀರನ್ನು ದೂಡುತ್ತದೆ. ಕೊಟ್ಟಿಗೆಯ ನೆಲದ ನೀರು ದೂಡುವ ರಬ್ಬರ್ ಪಟ್ಟಿಯೂ ಹೀಗೆಯೇ ಕೆಲಸ ಮಾಡುತ್ತದೆ. ವೈಪರ್ ಎಲ್ಲ ನೀರನ್ನೂ ತೆಗೆಯುವುದಿಲ್ಲ. ಬಹಳ ತೆಳುವಾದ ಒಂದು ಪದರ ಉಳಿಯುತ್ತದೆ. ಅದು ಸಮನಾಗಿದ್ದರೆ ನಮಗೆ ಆಚೆಗಿನದು ಸ್ವಚ್ಛವಾಗಿ ಕಾಣುತ್ತದೆ. ಗಾಜಿನ ಮೇಲೆ ಜಿಡ್ಡು ಇದ್ದರೆ ಆ ಪದರ ಒಡೆದು ಸಣ್ಣ ಸಣ್ಣ ಹನಿಗಳಾಗುತ್ತದೆ. ಪ್ರತಿಯೊಂದು ಹನಿಯೂ ಬೆಳಕನ್ನು ಚದುರಿಸುತ್ತದೆ. ಇದೇ ಮಸುಕು.

ಧಾರವಾಡದ ಕಡೆಯ ಜಿಟಿಜಿಟಿ ಮಳೆಯಲ್ಲಿ ಈ ತೊಂದರೆ ಹೆಚ್ಚು. ದೊಡ್ಡ ಮಳೆ ಗಾಜನ್ನು ತಾನೇ ತೊಳೆಯುತ್ತದೆ. ಸಣ್ಣ ಹನಿಗೆ ಆ ಶಕ್ತಿ ಇಲ್ಲ. ಮುಂದಿನ ಗಾಡಿ ಎರಚಿದ ಎರೆಮಣ್ಣಿನ ರಾಡಿ, ಡೀಸೆಲ್ ಹೊಗೆಯ ಮಸಿ, ಸ್ವಲ್ಪ ನೀರು ಸೇರಿ ಗಾಜಿನ ಮೇಲೆ ಸಾರಿಸಿದಂತೆ ಆಗುತ್ತದೆ. ನೀರು ಸಾಲದೆ ಇದ್ದಾಗ ರಬ್ಬರ್ ಜಾರುವ ಬದಲು ಗಾಜಿಗೆ ಅಂಟಿ ಎಳೆಯುತ್ತದೆ.

ಮೊದಲು ಒಂದು ಪರೀಕ್ಷೆ

ಗಾಡಿ ನೆರಳಿನಲ್ಲಿ ನಿಂತಿರುವಾಗ ಗಾಜಿನ ಮೇಲೆ ಒಂದು ತಂಬಿಗೆ ಶುದ್ಧ ನೀರು ಸುರಿಯಿರಿ. ನೀರು ಹಾಳೆಯಂತೆ ಹರಡಿ ಇಳಿದರೆ ಗಾಜು ಸ್ವಚ್ಛವಾಗಿದೆ. ಹನಿಹನಿಯಾಗಿ ಒಡೆದು ನಿಂತರೆ ಜಿಡ್ಡು ಇದೆ. ಹಾಲಿನ ಕ್ಯಾನ್ ತೊಳೆಯುವವರಿಗೆ ಇದು ಹೊಸ ಮಾತಲ್ಲ. ಜಿಡ್ಡು ಉಳಿದ ಕ್ಯಾನಿನ ಒಳಗೂ ನೀರು ಹೀಗೆಯೇ ಹನಿಗಟ್ಟುತ್ತದೆ.

ಇನ್ನೊಂದು ಮಾತು. ಮಸುಕು ಗಾಜಿನ ಹೊರಗಿದೆಯೋ ಒಳಗಿದೆಯೋ ನೋಡಿಕೊಳ್ಳಿ. ಒಳಗಿನಿಂದ ಬಟ್ಟೆ ಆಡಿಸಿದಾಗ ಹೋದರೆ ಅದು ಉಸಿರಿನ ಮತ್ತು ಒದ್ದೆ ಬಟ್ಟೆಯ ಆವಿ. ಅದಕ್ಕೆ ವೈಪರ್ ಮದ್ದಲ್ಲ. ಕಿಟಕಿ ಸ್ವಲ್ಪ ಇಳಿಸಬೇಕು ಅಥವಾ ಗಾಜಿಗೆ ಗಾಳಿ ಬಿಡಬೇಕು.

ಲಕ್ಷಣ ನೋಡಿ ರೋಗ ತಿಳಿಯುವುದು

1. ಒರೆಸಿದ ಜಾಗವೆಲ್ಲ ತೆಳು ಪೊರೆಯಂತೆ ಮಸುಕಾದರೆ: ಗಾಜಿನಲ್ಲಿ ಅಥವಾ ರಬ್ಬರಿನಲ್ಲಿ ಜಿಡ್ಡು ಇದೆ.

2. ಕಮಾನಿನಂತೆ ತೆಳು ಗೆರೆಗಳು ಉಳಿದರೆ: ರಬ್ಬರಿನ ಅಂಚು ಹರಿದಿದೆ ಅಥವಾ ಅದರಡಿ ಮರಳಿನ ಕಣ ಸಿಕ್ಕಿದೆ.

3. ಅಗಲವಾದ ಪಟ್ಟಿಯೇ ಒರೆಸದೆ ಉಳಿದರೆ: ಸ್ಪ್ರಿಂಗ್ ಸಡಿಲಾಗಿದೆ, ಬ್ಲೇಡಿನ ಚೌಕಟ್ಟು ಬಾಗಿದೆ ಅಥವಾ ಅದರ ಕೀಲು ತುಕ್ಕು ಹಿಡಿದಿದೆ.

4. ಒಂದು ಕಡೆ ಹೋಗುವಾಗ ಸರಿಯಾಗಿ ಒರೆಸಿ, ಮರಳುವಾಗ ಗರಗರ ಎಂದು ಜಿಗಿದರೆ: ತೋಳು ತಿರುಚಿಕೊಂಡಿದೆ ಅಥವಾ ರಬ್ಬರ್ ಗಟ್ಟಿಯಾಗಿ ಮಗುಚಿಕೊಳ್ಳುತ್ತಿಲ್ಲ.

5. ಗಾಜು ಚೆನ್ನಾಗಿ ಒದ್ದೆಯಿದ್ದರೂ ವೈಪರ್ ನಿಧಾನವಾಗಿ ತೆವಳಿದರೆ: ತೋಳನ್ನು ಆಡಿಸುವ ಕೀಲುಗಳು ಒಣಗಿವೆ, ಇಲ್ಲವೆ ಬ್ಯಾಟರಿ ಅಥವಾ ಮೋಟಾರ್ ದುರ್ಬಲವಾಗಿದೆ. ದೀಪವೂ ಮಂಕಾಗಿದ್ದರೆ ಮೊದಲು ಬ್ಯಾಟರಿ ನೋಡಿಸಿ.

ಆರೈಕೆಯ ಕ್ರಮ

ಗಾಜು, ರಬ್ಬರ್, ತೋಳು, ಮೋಟಾರ್ ಹೀಗೆ ಅನುಕ್ರಮವಾಗಿ ಹೋಗಬೇಕು. ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಕೊನೆಗೆ.

ಗಾಜು: ಮೊದಲು ಧಾರಾಳ ನೀರು ಸುರಿದು ಮಣ್ಣು ಇಳಿಸಿ. ಒಣ ಗಾಜನ್ನು ಉಜ್ಜಿದರೆ ಮರಳು ಗೀರು ಹಾಕುತ್ತದೆ. ನಂತರ ಪಾತ್ರೆ ತೊಳೆಯುವ ದ್ರವ ಸೋಪನ್ನು ಬಕೆಟ್ ನೀರಿಗೆ ಸ್ವಲ್ಪ ಹಾಕಿ, ಹತ್ತಿ ಬಟ್ಟೆಯಿಂದ ಉಜ್ಜಿ, ಸೋಪು ಪೂರ್ತಿ ಹೋಗುವಂತೆ ತೊಳೆಯಿರಿ. ತಂಬಿಗೆ ಪರೀಕ್ಷೆ ಮತ್ತೆ ಮಾಡಿ. ನೀರು ಹಾಳೆಯಂತೆ ಇಳಿಯುವವರೆಗೆ ತೊಳೆಯಬೇಕು. ಬೋರ್ ನೀರಿನ ಸುಣ್ಣದ ಬಿಳಿ ಕಲೆಗಳು ಸೋಪಿಗೆ ಹೋಗುವುದಿಲ್ಲ. ಅವುಗಳಿಗೆ ವಿನಿಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟು ಒರೆಸಿ, ನೀರಿನಿಂದ ತೊಳೆಯಿರಿ.

ರಬ್ಬರ್: ತೋಳನ್ನು ಗಾಜಿನಿಂದ ಮೇಲೆತ್ತಿ ನಿಲ್ಲಿಸಿ. ಸೋಪು ನೀರಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಅಂಚಿನ ಉದ್ದಕ್ಕೂ ಎಳೆಯಿರಿ. ಬಟ್ಟೆಗೆ ಕಪ್ಪು ಬರುವುದು ಕಡಿಮೆಯಾಗುವವರೆಗೆ ಹೀಗೆ ಮಾಡಿ. ನಂತರ ಅಂಚನ್ನು ಬೆರಳಿನಿಂದ ಬಾಗಿಸಿ ನೋಡಿ. ಬಿಟ್ಟೊಡನೆ ನೆಟ್ಟಗಾದರೆ ಇನ್ನೂ ಜೀವವಿದೆ. ಬಾಗಿದಂತೆಯೇ ಉಳಿದರೆ, ಬಿರುಕು ಕಂಡರೆ ಬದಲಿಸಿ. ಮೂರು ತಿಂಗಳ ಬೇಸಿಗೆ ಬಿಸಿಲಲ್ಲಿ ನಿಂತ ಗಾಡಿಯ ರಬ್ಬರ್ ಓಡದೆ ಇದ್ದರೂ ಗಟ್ಟಿಯಾಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಗೆ ಬದಲಿಸುವುದು ಒಳ್ಳೆಯದು. ಸಣ್ಣ ಗಾಡಿಯ ಒಂದು ಜೊತೆ ಸಾಮಾನ್ಯ ಬ್ಲೇಡಿಗೆ ಒಂದು ಚೀಲ ಪಶು ಆಹಾರದಷ್ಟೂ ಹಣ ಬೇಕಾಗುವುದಿಲ್ಲ. ಹಳೆಯ ಬ್ಲೇಡಿನ ಉದ್ದ ಮತ್ತು ಕೊಂಡಿಯ ಮಾದರಿ ನೋಡಿಯೇ ಹೊಸದನ್ನು ಕೊಳ್ಳಬೇಕು.

ತೋಳು: ವೈಪರ್ ಗಾಜಿನ ನಡುವೆ ಇರುವಾಗ ಪಕ್ಕದಿಂದ ನೋಡಿ. ಬ್ಲೇಡ್ ಗಾಜಿಗೆ ನೆಟ್ಟಗೆ ನಿಂತಿರಬೇಕು. ಒಂದು ಕಡೆ ಓರೆಯಾಗಿದ್ದರೆ ತೋಳನ್ನು ಇಕ್ಕಳದಿಂದ ಹಿಡಿದು ಮೆಲ್ಲಗೆ, ಸ್ವಲ್ಪವೇ ತಿರುಚಿ ಸರಿಪಡಿಸಬಹುದು. ಕೈಪಳಗಿಲ್ಲದವರು ಮೆಕ್ಯಾನಿಕ್ ಹತ್ತಿರ ಮಾಡಿಸಿ. ಬ್ಲೇಡ್ ಬಿಚ್ಚಿದಾಗ ಗಾಜಿನ ಮೇಲೆ ದಪ್ಪ ಟವೆಲ್ ಹಾಸುವುದನ್ನು ಮರೆಯಕೂಡದು. ಸ್ಪ್ರಿಂಗ್ ಎಳೆತಕ್ಕೆ ಬರಿ ತೋಳು ಬಡಿದರೆ ಗಾಜು ಸೀಳುತ್ತದೆ. ಸ್ಪ್ರಿಂಗ್ ಸಡಿಲಾಗಿದ್ದರೆ ತೋಳನ್ನೇ ಬದಲಿಸಬೇಕು. ಕೀಲು, ಮೋಟಾರ್‌ಗಳ ಕೆಲಸ ಮೆಕ್ಯಾನಿಕ್‌ಗೆ ಬಿಡಿ.

ಮಾಡಬಾರದ ಕೆಲಸಗಳು

ಡೀಸೆಲ್, ಸೀಮೆಎಣ್ಣೆ, ಕೊಬ್ಬರಿಎಣ್ಣೆ ಇವನ್ನು ಗಾಜಿಗಾಗಲಿ ರಬ್ಬರಿಗಾಗಲಿ ಮುಟ್ಟಿಸಬೇಡಿ. ಒಂದು ಗಳಿಗೆ ಎಳೆತ ಕಡಿಮೆಯಾದಂತೆ ಕಾಣುತ್ತದೆ. ಆದರೆ ಜಿಡ್ಡು ಗಾಜಿನಲ್ಲಿ ಉಳಿಯುತ್ತದೆ, ರಬ್ಬರ್ ಉಬ್ಬಿ ಹಾಳಾಗುತ್ತದೆ. ನನಗೆ ಆದದ್ದು ಇದೇ.

ಒಣ ಗಾಜಿನ ಮೇಲೆ ವೈಪರ್ ಆಡಿಸಬೇಡಿ. ಧೂಳಿನ ಗಾಜಿಗೆ ಮೊದಲು ನೀರು ಚಿಮುಕಿಸಿ. ನೀರಿನ ಡಬ್ಬಿ ಬಹಳ ಗಾಡಿಗಳಲ್ಲಿ ಖಾಲಿಯೇ ಇರುತ್ತದೆ. ಅದನ್ನು ಸೋಸಿದ ಮಳೆನೀರು ಅಥವಾ ಸಿಹಿನೀರಿನಿಂದ ತುಂಬಿಸಿಡಿ.

ಮಳೆಯಲ್ಲಿ ವೈಪರ್ ಕೆಟ್ಟಾಗ ಹಳೆಯ ಲಾರಿ ಚಾಲಕರು ಗಾಜಿಗೆ ತಂಬಾಕು ಉಜ್ಜುವುದುಂಟು. ಉಜ್ಜಿದ ಜಾಗದಲ್ಲಿ ನೀರು ಹನಿಗಟ್ಟದೆ ಹರಡುವುದರಿಂದ ಸ್ವಲ್ಪ ಹೊತ್ತು ದಾರಿ ಕಾಣುತ್ತದೆ. ಇದು ಹತ್ತಿರದ ಊರು ಮುಟ್ಟಲು ಮಾಡುವ ಉಪಾಯ. ಇದನ್ನು ನಂಬಿ ರಾತ್ರಿ ಪ್ರಯಾಣ ಮಾಡುವಂತಿಲ್ಲ.

ಕಾನೂನಿನ ಮಾತು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 101ನೇ ನಿಯಮದಂತೆ ಮುಂಗಾಜು ಇರುವ ಕಾರು, ಟೆಂಪೊ, ಲಾರಿಗಳಿಗೆ ಸರಿಯಾಗಿ ಕೆಲಸ ಮಾಡುವ ವೈಪರ್ ಇರಲೇಬೇಕು. ಆದರೆ ದಂಡಕ್ಕೆ ಹೆದರಿ ಮಾಡುವ ಕೆಲಸ ಇದಲ್ಲ. ನಸುಕಿನಲ್ಲಿ ರಸ್ತೆಯ ಮೇಲೆ ಹಾಲಿನ ಗಾಡಿ ಒಂದೇ ಇರುವುದಿಲ್ಲ. ತಲೆಯ ಮೇಲೆ ಗೊಪ್ಪೆ ಹಾಕಿಕೊಂಡು ಸಂಘಕ್ಕೆ ಹಾಲು ತರುವ ಹೆಣ್ಣುಮಕ್ಕಳು, ಸೈಕಲ್ಲಿಗೆ ಕ್ಯಾನ್ ಕಟ್ಟಿದ ಹುಡುಗರು, ಹೊಲಕ್ಕೆ ಹೊರಟ ಚಕ್ಕಡಿಗಳು ಅದೇ ರಸ್ತೆಯಲ್ಲಿ ಇರುತ್ತವೆ. ಚಾಲಕನಿಗೆ ಕಾಣದೆ ಹೋಗುವವರು ನಮ್ಮ ಮನೆಯವರೇ.

ಸಂಘದ ಕಾರ್ಯದರ್ಶಿಗಳು ಈ ಲೇಖನವನ್ನು ಹಾಲಿನ ಗಾಡಿಯ ಚಾಲಕರಿಗೆ ಓದಿ ಹೇಳಬೇಕೆಂದು ವಿನಂತಿ. ಮಿರಗ ಕೂಡುವ ಮೊದಲು ಒಂದು ದಿನ, ಕ್ಯಾನ್ ತೊಳೆದ ಮೇಲೆ, ಒಂದು ತಂಬಿಗೆ ನೀರನ್ನು ಗಾಡಿಯ ಗಾಜಿಗೂ ಸುರಿದು ನೋಡಿರಿ. ಹನಿಗಟ್ಟಿದರೆ ಅಂದೇ ಸೋಪು ಹಚ್ಚಿರಿ.