ಉಪನಿಧಿಧರ್ಮವೂ ವರ್ತಕರ ದತ್ತಾಂಶರಕ್ಷಣೆಯೂ

ತನ್ನ ದ್ರವ್ಯವನ್ನು ಪರರ ವಶದಲ್ಲಿರಿಸಿ ಕಾಪಾಡಿಕೊಳ್ಳುವುದು ವರ್ತಕರಲ್ಲಿ ಬಹು ಪ್ರಾಚೀನವಾದ ಪದ್ಧತಿ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದಕ್ಕೆಂದೇ ಒಂದು ಪ್ರಕರಣವುಂಟು. ಕಲ್ಯಾಣದ ಚಾಲುಕ್ಯರ ಕಾಲದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಅದನ್ನು ವಿವರಿಸಿರುವನು. ಒಳಗಿರುವುದೇನೆಂದು ತಿಳಿಸದೆ, ಕರಂಡಕದಲ್ಲಿಟ್ಟು ಮುದ್ರೆಯೊತ್ತಿ ಪರಹಸ್ತಕ್ಕೆ ಒಪ್ಪಿಸಿದ ದ್ರವ್ಯಕ್ಕೆ ಉಪನಿಧಿಯೆಂದು ಹೆಸರು. ಅದನ್ನು ಇಟ್ಟಂತೆಯೇ ಹಿಂದಿರುಗಿಸತಕ್ಕದ್ದು. ಆದರೆ ರಾಜನಿಂದಾಗಲಿ ದೈವದಿಂದಾಗಲಿ ಕಳ್ಳರಿಂದಾಗಲಿ ನಷ್ಟವಾದುದನ್ನು ಇಟ್ಟುಕೊಂಡವನು ತೆರಬೇಕಾದುದಿಲ್ಲವೆಂಬುದು ಅಲ್ಲಿಯ ಸಾಮಾನ್ಯ ನಿರ್ಣಯ. ಕ್ಲೌಡ್ ಎಂಬ ಇಂದಿನ ವ್ಯವಸ್ಥೆಯನ್ನು ಅರಿಯುವುದಕ್ಕೆ ಈ ನಿರ್ಣಯವು ಬಹಳ ಉಪಯುಕ್ತವಾಗಿದೆ.

ಕ್ಲೌಡ್ ಎಂದರೆ ಮೇಘ. ಹೆಸರು ಆಕಾಶದ್ದಾದರೂ ವಸ್ತುವು ಭೂಮಿಯದೇ. ದೂರದ ಕಟ್ಟಡಗಳಲ್ಲಿರುವ ಗಣಕಯಂತ್ರಗಳಲ್ಲಿ ಸ್ಥಳವನ್ನು ಬಾಡಿಗೆಗೆ ಪಡೆದು ವರ್ತಕನು ತನ್ನ ಲೆಕ್ಕಪತ್ರಗಳನ್ನೂ ಗಿರಾಕಿಗಳ ವಿವರಗಳನ್ನೂ ಅಲ್ಲಿರಿಸುವನು. ಕಟ್ಟಡ, ಯಂತ್ರ, ವಿದ್ಯುತ್ತು ಇವುಗಳ ರಕ್ಷಣೆಯು ಯಜಮಾನನ ಹೊಣೆ. ಯಾರು ಒಳಹೊಗಬಹುದು, ಯಾವುದನ್ನು ನೋಡಬಹುದು ಎಂಬ ನಿಯಮನವು ಬಾಡಿಗೆದಾರನ ಹೊಣೆ. ಬೀಗವು ಮನೆಯವನದಾದರೂ ಬೀಗದ ಕೈಯಿ ಇಟ್ಟವನದೆಂಬುದು ಇದರ ತಾತ್ಪರ್ಯ.

ಇದಕ್ಕೆ ಎರಡು ದೃಷ್ಟಾಂತಗಳು. ಕೋಡ್ ಸ್ಪೇಸಸ್ ಎಂಬ ಸಂಸ್ಥೆಯು ಸಾಫ್ಟ್‌ವೇರ್ ರಚಿಸುವವರ ಮೂಲಪ್ರತಿಗಳನ್ನು ಅಮೆಜಾನ್ ಕ್ಲೌಡಿನಲ್ಲಿ ಕಾದಿಡುತ್ತಿದ್ದಿತು. ೨೦೧೪ನೆಯ ಜೂನಿನಲ್ಲಿ ಅದರ ನಿಯಂತ್ರಣಫಲಕವು ಪರರ ಕೈಸೇರಿತು. ಸುಮಾರು ೧೨ ಗಂಟೆಗಳೊಳಗೆ ಮೂಲಪ್ರತಿಗಳೊಡನೆ ಬ್ಯಾಕಪ್ಪುಗಳೂ ಬಹುಮಟ್ಟಿಗೆ ಅಳಿದುಹೋದುವು, ಸಂಸ್ಥೆಯೇ ಮುಚ್ಚಿತು. ಎರಡಕ್ಕೂ ಒಂದೇ ಬೀಗದ ಕೈಯಿದ್ದುದೇ ಅನರ್ಥಕ್ಕೆ ಕಾರಣ. ೨೦೧೯ರಲ್ಲಿ ಅಮೆರಿಕೆಯ ಕ್ಯಾಪಿಟಲ್ ಒನ್ ಬ್ಯಾಂಕು ತನ್ನ ಕಾವಲಿನ ಫೈರ್‌ವಾಲನ್ನು ಸರಿಯಾಗಿ ಅಳವಡಿಸದೆ, ಅಮೆರಿಕ ಕೆನಡಗಳ ಸುಮಾರು ೧೦ ಕೋಟಿ ೬೦ ಲಕ್ಷ ಜನರ ವಿವರಗಳು ಅಪಹೃತವಾದುವು. ೨೦೨೦ರಲ್ಲಿ ಸರ್ಕಾರವು ವಿಧಿಸಿದ ೮ ಕೋಟಿ ಡಾಲರುಗಳ ದಂಡವನ್ನು ತೆತ್ತುದು ಬ್ಯಾಂಕೇ ಹೊರತು ಕ್ಲೌಡಿನ ಯಜಮಾನನಲ್ಲ.

ಸಾಮಾಜಿಕ ಜಾಲತಾಣಗಳ ವಿಷಯವು ಸ್ವಲ್ಪ ಭಿನ್ನವಾದುದು. ಅಲ್ಲಿ ವರ್ತಕನು ಒತ್ತೆಯಿಡುವುದು ತನ್ನ ಹೆಸರನ್ನೇ. ಮುದ್ರೆಯುಂಗುರವು ಕಳ್ಳನ ಕೈಸೇರಿದರೆ ಅವನ ಮಾತೇ ಒಡೆಯನ ಮಾತಾಗುವುದು. ೨೦೧೩ನೆಯ ಏಪ್ರಿಲ್ ೨೩ರಂದು ಅಸೋಸಿಯೇಟೆಡ್ ಪ್ರೆಸ್ ವಾರ್ತಾಸಂಸ್ಥೆಯ ಟ್ವಿಟರ್ ಖಾತೆಯನ್ನು ಅಪಹರಿಸಿದವರು, ಅಮೆರಿಕೆಯ ಅಧ್ಯಕ್ಷಭವನದಲ್ಲಿ ಸ್ಫೋಟವಾಯಿತೆಂಬ ಸುಳ್ಳನ್ನು ಹರಡಿದರು. ಕೆಲವೇ ನಿಮಿಷಗಳಲ್ಲಿ ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕವು ೧೪೦ಕ್ಕೂ ಹೆಚ್ಚು ಅಂಶ ಕುಸಿದು, ಸುಳ್ಳೆಂದು ತಿಳಿದ ಮೇಲೆ ಚೇತರಿಸಿಕೊಂಡಿತು.

ಆದುದರಿಂದ ವರ್ತಕನು ಆಚರಿಸತಕ್ಕ ಧರ್ಮಗಳು ನಾಲ್ಕು. ಕಾದಿಡುವುದಕ್ಕಾಗಿ ಮಾತ್ರ ಕಳುಹುವ ಪತ್ರಗಳನ್ನು ಗೂಢಲಿಪಿಗೆ ಮಾರ್ಪಡಿಸಿ, ಅದನ್ನು ಬಿಡಿಸುವ ಕೀಲಿಯನ್ನು ತನ್ನಲ್ಲಿಯೇ ಇರಿಸಿಕೊಳ್ಳುವುದು ಮೊದಲನೆಯದು. ಇದೇ ಉಪನಿಧಿಯ ಮುದ್ರೆ. ಪಾಸ್‌ವರ್ಡಿನೊಡನೆ ಎರಡನೆಯದೊಂದು ಪ್ರಮಾಣವನ್ನೂ ಕಡ್ಡಾಯಗೊಳಿಸುವುದು ಎರಡನೆಯದು. ನೌಕರರಿಗೆ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವನ್ನಿತ್ತು, ಅವರು ಕೆಲಸ ಬಿಟ್ಟ ದಿನವೇ ಹಿಂದೆಗೆದುಕೊಳ್ಳುವುದು ಮೂರನೆಯದು. ಬೇರೆಡೆಯಲ್ಲಿ, ಬೇರೆ ಕೀಲಿಯ ಕೆಳಗೆ ಒಂದು ಪ್ರತಿಯನ್ನಿರಿಸಿ, ಅದು ಮರಳಿ ದೊರೆಯುವುದೇ ಎಂದು ಆಗಾಗ ಪರೀಕ್ಷಿಸುವುದು ನಾಲ್ಕನೆಯದು.

ಭಾರತದ ೨೦೨೩ನೆಯ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಇದೇ ಮಾರ್ಗದಲ್ಲಿದೆ. ಗಿರಾಕಿಗಳ ವಿವರಗಳನ್ನು ಪರರ ಮೂಲಕ ನಿರ್ವಹಿಸಿದರೂ ಹೊಣೆಯು ವರ್ತಕನದೇ ಎಂದೂ, ತಕ್ಕ ರಕ್ಷಣೆಯನ್ನೇರ್ಪಡಿಸದಿದ್ದರೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡವೆಂದೂ ಅದು ವಿಧಿಸಿರುವುದು. ಏಕೆಂದರೆ ಗಿರಾಕಿಯ ದೃಷ್ಟಿಯಲ್ಲಿ ಆ ವರ್ತಕನೇ ನಿಕ್ಷೇಪವನ್ನು ಇಟ್ಟುಕೊಂಡವನು. ಸ್ಥಳವನ್ನು ಬಾಡಿಗೆಗೆ ಪಡೆಯಬಹುದು. ಹೊಣೆಯನ್ನು ಬಾಡಿಗೆಗೆ ಕೊಡಲಾಗದು.