ಬಚ್ಚಲ ನೀರಿನ ಕಾಬಾಳೆ

ರಾಮನಗರದ ಹೆಬ್ಬಂಡೆಗಳು ಹಗಲೆಲ್ಲ ಕಾದು ಇರುಳೆಲ್ಲ ಆ ಕಾವನ್ನು ಉಗುಳುವ ಚೈತ್ರ ವೈಶಾಖಗಳಲ್ಲಿ, ಹೊಲದ ರಾಗಿಕೂಳೆ ಧೂಳಾಗಿ ಬೇಲಿಯ ಹಸುರು ಬೂದಿಬಣ್ಣಕ್ಕೆ ತಿರುಗಿದ ಮೇಲೆಯೂ, ಕೂಟಗಲ್ಲಿನ ಸೀಮೆಯ ಹಳೆಯ ಹಿತ್ತಿಲುಗಳಲ್ಲಿ ಆಳೆತ್ತರಕ್ಕೆ ನಿಂತು ಕೆಂಪು, ಹಳದಿ ಹೂಗಳನ್ನು ಎಡೆಬಿಡದೆ ತಳೆಯುವ ಗಿಡವೊಂದುಂಟು. ಅದೇ ಕಾಬಾಳೆ, ಪೇಟೆಯವರ ಕ್ಯಾನಾ. ಮಲ್ಲಿಗೆಯ ಪರಿಮಳವಾಗಲಿ ಮುಡಿಗೇರುವ ಭಾಗ್ಯವಾಗಲಿ ಇದಕ್ಕಿಲ್ಲ. ಆದರೂ ಬೇಸಗೆಯ ಹಿತ್ತಿಲಿನ ಚೆಲುವನ್ನು ಕಾಪಾಡಿಕೊಂಡು ಬಂದುದು ಇದೇ ಎಂದು ನಾನು ನಂಬಿದ್ದೇನೆ. ಆ ಸಾಮರ್ಥ್ಯ ಇದಕ್ಕೆ ಒದಗಿದುದು ಬಚ್ಚಲ ನೀರಿನಿಂದ.

1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸನು ಇದಕ್ಕೆ ಕ್ಯಾನಾ ಇಂಡಿಕಾ ಎಂದು ಹೆಸರಿಟ್ಟರೂ ಇದರ ತವರು ಅಮೆರಿಕೆಯ ಉಷ್ಣಪ್ರದೇಶಗಳು. ಆಂಡೀಸ್ ಪರ್ವತದ ಜನ ಇದರ ಪಿಷ್ಟಭರಿತ ಗೆಡ್ಡೆಯನ್ನು ಬೇಯಿಸಿ ಉಣ್ಣುತ್ತಿದ್ದರು. ಅರ್ಜೆಂಟೀನದ ಸಾಂತಾ ರೋಸಾ ದೆ ತಾಸ್ತಿಲ್ ಎಂಬಲ್ಲಿನ ಪುರಾತನ ಸಮಾಧಿಯೊಂದರಲ್ಲಿ ಆಕ್ರೋಟದ ಚಿಪ್ಪಿನ ಗಿಲಕಿ ದೊರೆಯಿತು. ಕಾಯಿ ಎಳೆಯದಾಗಿದ್ದಾಗಲೇ ಅದರೊಳಗೆ ಕಾಬಾಳೆಯ ಬೀಜವನ್ನು ತೂರಿಸಿ, ಚಿಪ್ಪು ಬಲಿತು ಮುಚ್ಚಿಕೊಳ್ಳುವಂತೆ ಮಾಡಿದ್ದರು. ಸುಮಾರು 600 ವರ್ಷಗಳ ಹಿಂದಿನ ಆ ಚಿಪ್ಪಿನೊಳಗಿನ ಬೀಜವನ್ನು ಬಿತ್ತಿದಾಗ ಅದು ಮೊಳೆತು ಗಿಡವಾಯಿತು! ನಮ್ಮ ಮಕ್ಕಳು ಗೋಲಿಯಂತೆ ಉರುಳಿಸುವ ಕರಿಯ ಬೀಜದ ಸತ್ತ್ವ ಅಂಥದು; ಅದರ ಸಿಪ್ಪೆಯನ್ನು ಕಲ್ಲಿಗೆ ಉಜ್ಜಿ ನೆನೆಯಿಸದಿದ್ದರೆ ಬೇಗ ಮೊಳೆಯುವುದೂ ಇಲ್ಲ.

ಐರೋಪ್ಯರು ಮೊದಲು ಮೆಚ್ಚಿದ್ದು ಇದರ ಎಲೆಯನ್ನು. ದಕ್ಷಿಣ ಅಮೆರಿಕೆಯಿಂದ ಮರಳಿದ ಫ್ರೆಂಚ್ ರಾಜತಾಂತ್ರಿಕ ತಿಯೋಡೋರ್ ಆನೆ 1848ರ ಹೊತ್ತಿಗೆ ಸಂಕರ ತಳಿಯನ್ನು ಪಡೆದ ಬಳಿಕ, ಲಿಯೋನ್ ನಗರದ ತೋಟಗಾರ ಕ್ರೋಜಿ ಹೂವನ್ನು ಹಿಗ್ಗಿಸುವ ಕಾರ್ಯದಲ್ಲಿ ತೊಡಗಿದನು. ಕಲಕತ್ತೆಯ ಆಲಿಪುರದಲ್ಲಿ, 1820ರಲ್ಲಿ ವಿಲಿಯಂ ಕೇರಿ ಸ್ಥಾಪಿಸಿದ ಕೃಷಿ ತೋಟಗಾರಿಕಾ ಸಂಘದ ಆಶ್ರಯದಲ್ಲಿ, ಪರ್ಸಿ ಲ್ಯಾಂಕಾಸ್ಟರ್ ಮನೆತನದವರು ಭಾರತದ ಹವೆಗೆ ಒಗ್ಗುವ ತಳಿಗಳನ್ನು ಬೆಳೆಸಿದರು. ಸಂಕರ ತಳಿಗಳಲ್ಲಿ ಅನೇಕವು ಬೀಜ ಕಟ್ಟವು. ಆದುದರಿಂದ ಅವು ಕೈಯಿಂದ ಕೈಗೆ, ಹಿತ್ತಿಲಿನಿಂದ ಹಿತ್ತಿಲಿಗೆ, ಗೆಡ್ಡೆಯ ರೂಪದಲ್ಲಿಯೇ ನಡೆದವು.

ಹೂವೊಂದನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಬೇಕು. ದಳಗಳೆಂದು ನಾವು ಮೆಚ್ಚುವವು ದಳಗಳೇ ಅಲ್ಲ, ಅಗಲವಾಗಿ ಬಣ್ಣವೇರಿದ ಕೇಸರಗಳು. ನಿಜವಾದ ದಳಗಳು ಬುಡದಲ್ಲಿ ಕಿರಿದಾಗಿ ಅಡಗಿರುತ್ತವೆ. ಪರಾಗವಾದರೂ ಒಂದೇ ಕೇಸರದ ಅಂಚಿಗೆ ಗೆರೆಯಂತೆ ಅಂಟಿರುತ್ತದೆ.

ಬಯಲುನಾಡಿನ ಬೇಸಗೆಯಲ್ಲಿ ಹೂಗಿಡಕ್ಕೆಂದು ಬೇರೆ ನೀರು ಹೊಯ್ಯುವುದು ಯಾವ ಗೃಹಿಣಿಗೂ ಸುಲಭವಲ್ಲ. ಮೀಯಲು, ಪಾತ್ರೆ ಬೆಳಗಲು ಸುರಿದ ನೀರೇ ಕಾಲುವೆಯಾಗಿ ಹರಿದು ಬಾಳೆಯನ್ನೂ ಕೆಸುವನ್ನೂ ಕಾಬಾಳೆಯನ್ನೂ ಸಲಹಿತು. ಕೆಸರಿಗೆ ಅಂಜದ ಗಿಡ ಕೊಳೆಯ ಸಾರವನ್ನು ಹೀರಿ ಬೆಳೆಯಿತು. ಅದರ ಬೇರಿನ ಸುತ್ತಲಿನ ಸೂಕ್ಷ್ಮಜೀವಿಗಳು ನೀರನ್ನು ತಿಳಿಗೊಳಿಸಲು ನೆರವಾದವು. ಇಂದು ಮಲಿನಜಲವನ್ನು ಶೋಧಿಸಲು ಎಂಜಿನಿಯರುಗಳು ಕಟ್ಟುವ ಕೃತಕ ಜೌಗುಗಳಲ್ಲಿ ಇದೇ ಕಾಬಾಳೆಯನ್ನು ನೆಡುತ್ತಿರುವುದನ್ನು ಕಂಡಾಗ, ನಮ್ಮ ಅಜ್ಜಿಯರ ಹಿತ್ತಿಲಿನ ವ್ಯವಸ್ಥೆಯ ಮೇಲೆ ನನಗೆ ಗೌರವ ಇಮ್ಮಡಿಸುತ್ತದೆ.

ಈಗ ಹಿತ್ತಿಲಿಗೆ ಸಿಮೆಂಟು ಬಿದ್ದು, ಬಚ್ಚಲ ನೀರು ಕೊಳವೆಯಲ್ಲಿ ಮರೆಯಾಗಿ, ಕಾಬಾಳೆಯ ಮೆಳೆಗಳು ಕಿತ್ತುಹೋಗುತ್ತಿವೆ. ಇದು ನನ್ನ ಮನಸ್ಸನ್ನು ನೋಯಿಸುವ ಸಂಗತಿ. ಮೂರು ಮೊಳ ನೆಲ ಉಳಿದಿದ್ದರೂ ಸಾಕು: ಮುಂಗಾರಿಗೆ ಮುನ್ನ ನೆರೆಮನೆಯವರಿಂದ ಮೊಳಕೆಯಿರುವ ಗೆಡ್ಡೆಯ ತುಂಡೊಂದನ್ನು ಬೇಡಿ ತಂದು, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ನಾಲ್ಕು ಬೆರಳು ಆಳಕ್ಕೆ ಹೂಳಿ, ಕೈತೊಳೆದ ನೀರನ್ನು ಅತ್ತ ತಿರುಗಿಸಬೇಕು. ಹೂ ಮುಗಿದ ದಂಟು ಮತ್ತೆ ಹೂ ಬಿಡದು. ಅದನ್ನು ಬುಡಕ್ಕೆ ಕೊಯ್ದರೆ ಮಗ್ಗುಲಿನ ಮೊಳಕೆಗಳಿಗೆ ಎಡೆಯಾಗುತ್ತದೆ.